ರೊಟ್ಟಿಯ ಸಪ್ಪಳ ನಿಂತಾಗ

ನನ್ನ ತಂಗಿ ಮಾನ್ವಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಅವಳ ಮನೆಯ ಮುಂದಿನ ಕೋಣೆಯಲ್ಲಿ ನನ್ನ ವಾಸ. ಶಾಲೆ ಕಾಣದೆ ಅಕ್ಷರ ಕಲಿತ ನಾನು ಅಲ್ಲಿ ಕುಳಿತು ಓದುತ್ತೇನೆ; ಒಳಗಿನಿಂದ ರೊಟ್ಟಿ ಬಡಿಯುವ ಅವಳ ಕೈಯ ಸಪ್ಪಳ ಕೇಳುತ್ತಿರುತ್ತದೆ.

ಕೆಲವು ವರ್ಷಗಳ ಹಿಂದೆ ಅವಳ ಮನಸ್ಸಿಗೆ ಬೇನೆ ಬಂದಿತ್ತು. ಇಲ್ಲದ ಜನರ ದನಿ ಕೇಳುತ್ತಿತ್ತು. ಅವರು ಬೈಯುತ್ತಾರೆಂದು ಊಟ ಬಿಟ್ಟಿದ್ದಳು. ಈ ಕುರಿತು ನಮ್ಮ ಬಂಧುಗಳಲ್ಲಿ ಎರಡು ಕಥೆಗಳಿವೆ. ನೀರಮಾನ್ವಿ ಯಲ್ಲಮ್ಮನ ಹರಕೆ ತಪ್ಪಿದ್ದರಿಂದ ಹಾಗಾಯಿತೆಂಬುದು ಒಂದು. ರಾಯಚೂರಿನ ಡಾಕ್ಟರರ ಒಂದೇ ಇಂಜೆಕ್ಷನ್ನಿಗೆ ಎಲ್ಲ ಸರಿಹೋಯಿತೆಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪಿದವನಲ್ಲ. ಹರಕೆ ಹೊತ್ತವರು ಯಾರೆಂದು ಕೇಳಿದರೆ ಪ್ರತಿಯೊಬ್ಬರೂ ಮತ್ತೊಬ್ಬರ ಕಡೆಗೆ ಕೈ ತೋರಿಸುತ್ತಾರೆ. ಒಂದೇ ಇಂಜೆಕ್ಷನ್ ಎನ್ನುವವರು, ಆಮೇಲೆ ಅವಳು ತಪ್ಪದೆ ನುಂಗಿದ ಗುಳಿಗೆಗಳನ್ನು ನೋಡಿಯೇ ಇಲ್ಲ.

ಗುಳಿಗೆಗಳಿಂದ ದನಿಗಳು ನಿಂತವು. ಆದರೆ ಬರಬರುತ್ತ ಕೈಗಳು ಬಿಗಿದುಕೊಂಡವು, ಬೆರಳುಗಳು ನಡುಗತೊಡಗಿದವು. ಅಂಗೈಯ ಕೆಳಗೆ ತಿರುಗುತ್ತ ಅಗಲವಾಗಬೇಕಾದ ರೊಟ್ಟಿ ತಿರುಗದೆ ನಿಂತು ಅಂಚು ಒಡೆಯುತ್ತಿತ್ತು. ದಿನವೂ ರೊಟ್ಟಿ ಒಯ್ಯುವ ಚಹಾದಂಗಡಿಯ ಮಾಲಕರು ಒಂದನ್ನು ಕೈಯಲ್ಲಿ ತೂಗಿ, "ಕ್ಯಾ ಆಪಾ, ಏನಕ್ಕಾ ಇದು, ರೊಟ್ಟಿ ಕೊಟ್ಟೀರೋ, ಹಂಚ ಕೊಟ್ಟೀರೋ?" ಎಂದರು.

"ನಿಮ್ಮ ಹಲ್ಲು ಗಟ್ಟಿ ಅದಾವಿಲ್ಲೋ ನೋಡಾಕ ಕೊಟ್ಟೀನ್ರಿ," ಎಂದು ಅವಳು ನಕ್ಕಳು. ಅವರು ಹೋದ ಮೇಲೆ ನಗು ಉಳಿಯಲಿಲ್ಲ. "ಅಣ್ಣಾ, ತಲಿ ಬಂತು, ಕೈ ಹೋತು. ನನಗ ಎರಡೂ ಬೇಕು."

ಆ ವಾರ ದೇವದುರ್ಗದಿಂದ ಬಂದಿದ್ದ ಚಿಕ್ಕವ್ವ ಅವಳ ಕೈ ನೋಡಿ ತೀರ್ಪು ಕೊಟ್ಟಳು: "ಬಿಟ್ಟು ಒಗಿಯವ್ವಾ ಆ ಗುಳಿಗಿ. ನಮ್ಮ ಓಣ್ಯಾಗಿನ ಆಟೋದವ ಒಮ್ಮೆಲೆ ಎಲ್ಲಾ ತಿಪ್ಪಿಗೆ ಒಗದ. ಈಗ ಹುಲಿ ಹಂಗ ಗಾಡಿ ಹೊಡಿತಾನ."

ಕೇಳಿದ್ದನ್ನು ನೋಡದೆ ನಂಬುವ ಅಭ್ಯಾಸ ನನಗಿಲ್ಲ. ದೇವದುರ್ಗದ ಬಸ್ಸು ಹತ್ತಿದೆ. ಚಿಕ್ಕವ್ವನ ಹುಲಿ ನಿಲ್ದಾಣದ ಹೊರಗೆ ಆಟೋದಲ್ಲಿ ಕುಳಿತು ಶೇಂಗಾ ತಿನ್ನುತ್ತಿತ್ತು. ತಂಗಿಯ ವಿಷಯ ಹೇಳಿದಾಗ ಆತ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಒಗದಿದ್ದು ಖರೆ, ಯಪ್ಪಾ. ಮೊದಲ ನಿದ್ದಿ ಹೋತು, ಆಮ್ಯಾಲ ಬುದ್ಧಿ ಹೋತು. ನಾಕು ಮಂದಿ ಹಿಡಕೊಂಡು ರಾಯಚೂರಿಗೆ ಒಯ್ದ್ರು. ಈಗ ಮತ್ತ ಗುಳಿಗಿ ತಗೊಳ್ಳಾಕತ್ತೀನಿ. ಒಗದಿದ್ದು ಎಲ್ಲಾರೂ ಹೇಳ್ತಾರ. ಮತ್ತ ಹಿಡದಿದ್ದು ಯಾರೂ ಹೇಳಂಗಿಲ್ಲ."

ಇದನ್ನು ತಂಗಿಗೆ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. "ಒಗಿಯೋ ವಿಚಾರ ನನಗ ಎಂದೂ ಇಲ್ಲ. ಡಾಕ್ಟರಿಗೆ ಕೇಳೋದು ಅದ. ನಡಿ ರಾಯಚೂರಿಗೆ," ಎಂದಳು.

ರಾಯಚೂರಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಂಗಿ ಎರಡೂ ಕೈಗಳನ್ನು ಅವರ ಮುಂದೆ ಚಾಚಿ, "ಇವುಗಳ ಮ್ಯಾಲ ನನ್ನ ಹೊಟ್ಟಿ ನಡಿತದ್ರಿ," ಎಂದಳು. ಡಾಕ್ಟರು ಅವಳ ಮೊಣಕೈ ಮಡಿಸಿ ಬಿಡಿಸಿ ನೋಡಿದರು. ಇದು ಗುಳಿಗೆಯಿಂದಲೇ ಬಂದದ್ದೆಂದು ಮುಚ್ಚಿಡದೆ ಒಪ್ಪಿಕೊಂಡರು. ಬೇರೆ ಗುಳಿಗೆಗೆ ಬದಲಾಯಿಸಬಹುದು, ಆದರೆ ಹಳೆಯದನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ. ಹೊಸದನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ, ಹಳೆಯದನ್ನು ಸ್ವಲ್ಪ ಸ್ವಲ್ಪವೇ ಇಳಿಸಬೇಕು, ತಿಂಗಳುಗಳೇ ಹಿಡಿಯಬಹುದು ಎಂದರು.

"ಹೊಸಾದು ಇಕಿಗೆ ಹಿಡಿತದ ಅನ್ನಾಕ ಏನು ಖಾತ್ರಿ?" ಎಂದು ನಾನು ಪಟ್ಟು ಹಿಡಿದೆ.

"ಖಾತ್ರಿ ಇಲ್ರಿ ಅಜ್ಜಾರ. ಭಾಳ ಮಂದಿಗೆ ಹಿಡಿತದ. ಇವರಿಗೆ ಹಿಡಿತದೋ ಇಲ್ಲೋ ಇವರ ಮೈಯೇ ಹೇಳ್ಬೇಕು. ಅದಕ್ಕ ಸಾವಕಾಶ ಹೋಗೂಣು."

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ವಿದ್ಯಾವಂತರನ್ನು ನಾನು ಹೆಚ್ಚು ಕಂಡಿಲ್ಲ. ಆ ಒಂದು ಮಾತಿಗೆ ಅವರನ್ನು ನಂಬಿದೆ. ಆಮೇಲೆ ಅವರು ತಂಗಿಯನ್ನು ಕೇಳಿದರು, ಹಿಂದೆ ಬೇನೆ ಶುರುವಾಗುವಾಗ ಎಲ್ಲಕ್ಕಿಂತ ಮೊದಲು ಏನಾಗಿತ್ತೆಂದು.

"ರೊಟ್ಟಿ ಬಡಿಯೋ ಸಪ್ಪಳದಾಗ ಮಾತು ಕೇಳಾಕತ್ತಿದ್ವು," ಎಂದಳು. ಅದೇ ಸಪ್ಪಳವನ್ನು ಗೋಡೆಯ ಈಚೆ ಕುಳಿತು ಕೇಳುತ್ತಿದ್ದ ನನಗೆ ಇದು ತಿಳಿದಿರಲಿಲ್ಲ.

"ಹಂಗಾರ ಅದನ್ನ ನೋಡ್ಕೋರಿ, ನಿದ್ದಿ ನೋಡ್ಕೋರಿ. ಯಾವುದು ಕೆಟ್ರೂ ಕಾಯಬ್ಯಾಡ್ರಿ, ಬರ್ರಿ," ಎಂದರು ಡಾಕ್ಟರು.

ಚಳಿಗಾಲ ಕಳೆಯುವ ಹೊತ್ತಿಗೆ ಅವಳ ಕೈ ಸಡಿಲಾಗಿತ್ತು. ರೊಟ್ಟಿ ಮತ್ತೆ ತಿರುಗತೊಡಗಿತು; ಸಪ್ಪಳಕ್ಕೆ ಹಳೆಯ ಓಟ ಬಂದಿತು. ಚಹಾದಂಗಡಿಯವರು ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಮಾಶಾಅಲ್ಲಾ, ಆಚಿ ಓಣಿ ಕಾಣಾಕತ್ತದಲ್ಲ!" ಎಂದರು. ಹಳೆಯ ಗುಳಿಗೆಯನ್ನು ಇಳಿಸುವುದು ಇನ್ನು ಸ್ವಲ್ಪವೇ ಉಳಿದಿತ್ತು.

ಒಂದು ಮುಂಜಾನೆ ಸಪ್ಪಳ ನಡುವೆಯೇ ನಿಂತಿತು. ಹಿಟ್ಟಿನ ಕೈಯಲ್ಲೇ ಅವಳು ನನ್ನ ಬಾಗಿಲಿಗೆ ಬಂದಳು.

"ಅಣ್ಣಾ, ಸಪ್ಪಳದಾಗ ಯಾರೋ ಇದ್ದಂಗಾತು."

"ಓಣ್ಯಾಗ ಯಾರರ ಮಾತಾಡಿರಬೇಕು. ನೀ ಅಂಜಿ ಕೇಳೀದಿ."

"ಇರಬಹುದು. ನೀ ಎಲ್ಲಾದಕ್ಕೂ ಸಂಶೆ ಪಡಾವ. ಇದಕ್ಕೂ ಪಡು, ಆದರ ಬಸ್ಸಿನಾಗ ಕುಂತು ಪಡು." ಆಗಲೇ ಒಲೆ ಆರಿಸಿದ್ದಳು.

"ಡಾಕ್ಟರು ಹಳೇ ಗುಳಿಗಿ ಏರಿಸಿದ್ರ ಕೈ ಮತ್ತ ಬಿಗಿತಾವ, ಗೊತ್ತಿಲ್ಲೇನು?"

"ಗೊತ್ತದ. ಕೈ ಹೋದ್ರ ದಪ್ಪ ರೊಟ್ಟಿ ಮಾಡ್ತೀನಿ. ತಲಿ ಹೋದ್ರ ರೊಟ್ಟಿ ಯಾಕ ಮಾಡ್ಬೇಕು ಅನ್ನೋದ ಮರಿತೀನಿ."

ಅಷ್ಟು ಕಷ್ಟದಿಂದ ಮರಳಿ ಪಡೆದ ಕೈಯನ್ನು ಪಣಕ್ಕಿಟ್ಟು, ಯಾರೂ ಕೇಳದಿದ್ದುದನ್ನು ತಾನಾಗಿ ಹೇಳಿದಳಲ್ಲ, ಅಂಥ ಧೈರ್ಯವನ್ನು ನಾನು ಓದಿದ ಯಾವ ಶೂರರ ಚರಿತ್ರೆಯಲ್ಲೂ ಕಂಡಿಲ್ಲ. ಆ ಚರಿತ್ರೆಗಳ ಬಗ್ಗೆಯೂ ನನಗೆ ಸಂಶಯವಿದೆ. ಇದು ಮಾತ್ರ ನನ್ನ ಕಣ್ಣೆದುರು ನಡೆದದ್ದು.

ಡಾಕ್ಟರು ಬೈಯಲಿಲ್ಲ, ಗಾಬರಿಯಾಗಲೂ ಇಲ್ಲ. ಹಳೆಯದನ್ನು ಒಂದು ಹೆಜ್ಜೆ ಮೇಲಕ್ಕೇರಿಸಿ ಅಲ್ಲಿಯೇ ನಿಲ್ಲಿಸಿದರು. ಬೇಗ ಬಂದದ್ದಕ್ಕೇ ಇಷ್ಟರಲ್ಲಿ ಮುಗಿಯಿತೆಂದರು. ಸಪ್ಪಳದೊಳಗಿನ ಮಾತು ಅಳಿಯಿತು. ಹೊಸದರ ಜೊತೆಗೆ ಹಳೆಯದರ ಆ ಸಣ್ಣ ಪಾಲು ಇಂದಿಗೂ ಉಳಿದಿದೆ. ಅದನ್ನು ಮುಂದೆ ಇಳಿಸುವುದೋ ಬೇಡವೋ ಎಂಬುದನ್ನು ಅವರಿಬ್ಬರೂ ಕೂಡಿ ನೋಡುತ್ತಾರಂತೆ. ಬೆರಳಲ್ಲಿ ತುಸು ನಡುಕವಿದೆ. ರೊಟ್ಟಿ ತೆಳುವಾಗಿಯೇ ಇದೆ, ಒಂದು ಬದಿ ಮಾತ್ರ ಸೊಟ್ಟ.

ಬಂಧುಗಳಲ್ಲಿ ಈಗ ಮೂರನೆಯ ಕಥೆ ಹುಟ್ಟಿದೆ: ಅವಳು ಮನಸ್ಸು ಗಟ್ಟಿ ಮಾಡಿ ಗುಳಿಗೆಯನ್ನೆಲ್ಲ ಬಿಟ್ಟಳಂತೆ. ಹೇಳಿದವರನ್ನೆಲ್ಲ ತಿದ್ದುತ್ತೇನೆ, ಅವರು ತಲೆಯಾಡಿಸಿ ಮತ್ತೆ ಅದನ್ನೇ ಹೇಳುತ್ತಾರೆ.

ಇದನ್ನು ಬರೆಯುತ್ತಿರುವಾಗ ಒಳಗೆ ಸಪ್ಪಳ ನಿಂತಿದೆ. ಅವಳು ಹಾಗೆ ಆಗಾಗ ಕೈ ತಡೆದು ಕೇಳಿಸಿಕೊಳ್ಳುತ್ತಾಳೆ. ನಾನೂ ಲೇಖನಿ ಎತ್ತಿ ಕಾಯುತ್ತೇನೆ. ಹೊರಗೆ ಯಾರದೋ ಮೋಟಾರುಸೈಕಲ್ಲು ಹೋಗುತ್ತದೆ. ಆಮೇಲೆ ಒಳಗೆ ಮತ್ತೆ ಸಪ್ಪಳ; ರೊಟ್ಟಿ ತಿರುಗುತ್ತದೆ.