ವಿಂಧ್ಯಾ ಟೀ ಮಾಡದ ಸಂಜೆ

ವಿಂಧ್ಯಾ ಪದ್ಮನಾಭರನ್ನು ಮೊದಲ ಸಲ ಕಂಡಾಗ ಅವರು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಶುಂಠಿಯ ಸಿಪ್ಪೆ ಹೆರೆಯುತ್ತಿದ್ದರು. ಅಹಮದಾಬಾದಿನ ಮಣಿನಗರ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದ್ದ ಒಂದು ಸಭಾಂಗಣದಲ್ಲಿ, ಯುವಜನರ ನಡುವೆ ಕೆಲಸ ಮಾಡುವವರಿಗೆ ತರಬೇತಿ ಏರ್ಪಾಡಾಗಿತ್ತು. ಮಡಚಿದ ಅಂಗಿತೋಳು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಪಕ್ಕದ ಮೇಜಿನ ಮೇಲೆ ಗ್ಯಾಸ್ ಒಲೆ, ಹಾಲಿನ ಪಾಕೀಟು, ಟೀಪುಡಿ, ಸಕ್ಕರೆ. ಬೇರೆ ಊರುಗಳಿಂದ ಬಂದ ಕಾರ್ಯಕರ್ತರು ಗೋಡೆಗೊರಗಿ ಮೊಬೈಲ್ ನೋಡುತ್ತಿದ್ದರು. ಹಾವೇರಿ ಕಡೆಯ ಹಳ್ಳಿಯಲ್ಲಿ ಬೆಳೆದ ವಿಂಧ್ಯಾಗೆ, ವಯಸ್ಸಾದವರು ದುಡಿಯುವಾಗ ಕೈಕಟ್ಟಿ ನಿಂತು ಅಭ್ಯಾಸವಿರಲಿಲ್ಲ. ಅವರು ಫೋನಿನಲ್ಲಿ ಯಾರಿಗೋ "ಹಾಲು ಬಂತು ಕಣೋ" ಎಂದು ಕನ್ನಡದಲ್ಲೇ ಹೇಳಿದ್ದು ಕೇಳಿ ಇದ್ದ ಹಿಂಜರಿಕೆಯೂ ಹೋಯಿತು.

"ಕೊಡ್ರಿ ಸರ್, ನಾ ಮಾಡ್ತೀನಿ."

ಶುಂಠಿ ಜಜ್ಜಿ, ಟೀ ಕಾಸಿ, ಎಲ್ಲರಿಗೂ ಹಂಚಿ, ಲೋಟಗಳನ್ನು ತೊಳೆಯುವಷ್ಟರಲ್ಲಿ ಪದ್ಮನಾಭ ಹತ್ತಿರ ಬಂದರು.

"ಟೀ ಬೊಂಬಾಟಾಗಿದೆ ಕಣಮ್ಮ. ಆದ್ರೆ ನನ್ನ ಬೆಳಗಿನ ಪಾಠ ನೀನು ಪೂರ್ತಿ ಕೆಡಿಸಿದೆ."

ತರಬೇತಿ ಕೊಡುವವರು ಅವರೇ. ಒಲೆ ಅವರ ಮೊದಲ ಪಾಠವಾಗಿತ್ತು. ಯಾರೂ ಹೇಳದಿದ್ದಾಗ ಅಪರಿಚಿತರು ಒಂದು ಕೆಲಸವನ್ನು ಹೇಗೆ ಹಂಚಿಕೊಳ್ಳುತ್ತಾರೆಂದು ನೋಡಿ, ಅಲ್ಲಿಂದ ಮಾತು ಶುರುಮಾಡುವುದು ಅವರ ರೂಢಿ. ವಿಂಧ್ಯಾ ಎಲ್ಲವನ್ನೂ ಒಬ್ಬಳೇ ಮುಗಿಸಿದ್ದರಿಂದ ಉಳಿದವರಿಗೆ ಹೇಳಲು ಏನೂ ಇರಲಿಲ್ಲ.

"ನಿನ್ನ ಕೇಂದ್ರ ಎಲ್ಲಿ?"

"ಸೂರತ್ತಿನ ಸಚಿನ್‌ನಾಗ್ರಿ."

"ಅಲ್ಲಿನ ಹುಡುಗರಿಗೂ ಹೀಗೇ ಮಾಡಿಹಾಕ್ತೀಯಾ?"

"ಬಂದವ್ರಿಗೆ ಏನಾರ ಕೊಡಬೇಕಲ್ರಿ."

"ಕೊಡು. ಆಮೇಲೆ ಅವರೇನು ಮಾಡ್ತಾರೆ?"

"ತಿಂತಾರ್ರಿ." ವಿಂಧ್ಯಾ ತೊಳೆದ ಲೋಟವೊಂದನ್ನು ಬೋರಲು ಹಾಕಿದಳು. "ಹೋಗ್ತಾರ್ರಿ."

ಸಚಿನ್ ಕೈಗಾರಿಕಾ ಪ್ರದೇಶದ ಬಟ್ಟೆ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆಂದು ಅವಳ ಸಂಸ್ಥೆ ಒಂದು ಕೋಣೆ ಬಾಡಿಗೆಗೆ ಹಿಡಿದಿತ್ತು. ಕುರ್ಚಿ ಹಾಕುವವಳು, ಅವಲಕ್ಕಿ ಕಲಸುವವಳು, ಭಾಷಣಕಾರರನ್ನು ಕರೆಸುವವಳು ವಿಂಧ್ಯಾ. ಬರುವವರು ಕಡಿಮೆಯಾಗುತ್ತಲೇ ಇದ್ದರು. ನವರಾತ್ರಿ ಮುಗಿಯುವುದರೊಳಗೆ ಆ ಹುಡುಗ ಹುಡುಗಿಯರೇ ಮುಂದೆ ನಿಂತು ನಡೆಸುವ ಒಂದು ಕಾರ್ಯಕ್ರಮವಾದರೂ ಕಾಣದಿದ್ದರೆ ಕೋಣೆ ಬಿಟ್ಟುಬಿಡುವುದಾಗಿ ಕಚೇರಿಯವರು ಹೇಳಿದ್ದರು. ಕೋಣೆಯ ಜೊತೆಗೆ ಅವಳ ಕೆಲಸವೂ ಹೋಗುವುದಿತ್ತು.

ಸೂರತ್ತಿಗೆ ಮರಳಿದ ಮೇಲೆ ಒಂದು ಸಂಜೆ ಅವಳು ಒಲೆಯ ಪಕ್ಕ ಹಾಲು ಇಟ್ಟು ಮೂಲೆಯಲ್ಲಿ ಕೂತಳು.

"ದೀದಿ, ಇವತ್ತು ಉಪವಾಸವಾ?" ಎಂದಳು ಸೀರೆಗಳ ದಾರ ಕತ್ತರಿಸುವ ಕೆಲಸದ ಹೇತಲ್.

"ಹಾಲು ಅಲ್ಲಿದೆ."

"ದೀದಿಗೆ ಅಹಮದಾಬಾದಿನ ಗಾಳಿ ತಗುಲಿದೆ," ಎಂದ ಒಬ್ಬ. ಕೆಲವರು ನಕ್ಕರು, ಕೆಲವರು ಎದ್ದು ಹೋದರು. ವಿಂಧ್ಯಾ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೇ ಇದ್ದಳು.

ಕೊನೆಗೆ ಹೇತಲ್ ಒಲೆ ಹಚ್ಚಿದಳು. ಟೀ ಪಾಯಸದಷ್ಟು ಸಿಹಿಯಾಯಿತು. ಲೋಟ ತೊಳೆಯುವವರು ಯಾರೆಂದು ಜಗಳ ಎದ್ದಿತು.

"ಹುಡುಗರು ತೊಳೀಲಿ. ಮೊದಲು ಬಂದು ಕುರ್ಚಿ ಹಿಡಿಯೋರು ಅವರೇ," ಎಂದಳು ಒಬ್ಬ ಹುಡುಗಿ.

"ನೀವೂ ಬೇಗ ಬನ್ನಿ. ಯಾರು ಬೇಡ ಅಂದ್ರು?"

"ಏಳಕ್ಕೆ ಪಾಳಿ ಬಿಟ್ರೆ ಆರಕ್ಕೆ ಹೇಗೆ ಬರೋದು? ಇವತ್ತು ರಜಾ ಇತ್ತು, ಬಂದ್ವಿ."

ಆರು ಗಂಟೆ ಎಂದು ಬಾಗಿಲಿಗೆ ಬರೆದವಳು ವಿಂಧ್ಯಾ. ಬರೆಯುವ ಮೊದಲು ಅವಳು ಯಾರನ್ನೂ ಕೇಳಿರಲಿಲ್ಲ. ಅವರೇ ವಾದಿಸಿ ಹೊತ್ತನ್ನು ಎಂಟಕ್ಕೆ ಬದಲಿಸಿದರು. ಕೀಲಿಕೈ ಹೇತಲ್ ಕೈಗೆ ಹೋಯಿತು. ಎದ್ದು ಹೋದವರಲ್ಲಿ ಕೆಲವರು ಮತ್ತೆ ಬರಲೇ ಇಲ್ಲ.

ನವರಾತ್ರಿಗೆ, ಪಾಳಿ ತಡವಾಗಿ ಮುಗಿಸುವವರಿಗೂ ಸಿಗುವಂತೆ ಗರ್ಬಾ ಕುಣಿತ ಇಡಬೇಕೆಂದು ಅವರೇ ನಿರ್ಧರಿಸಿದರು. ಅಂಗಳ ಕೇಳಿದವರು, ಧ್ವನಿವರ್ಧಕ ತಂದವರು, ಕಾರ್ಖಾನೆಯ ಗೇಟಿನಲ್ಲಿ ನಿಂತು ಕರೆದವರು ಎಲ್ಲ ಅವರೇ. ನೋಡಲು ಬಂದ ಕಚೇರಿಯವರನ್ನು ಕಂಡು ವಿಂಧ್ಯಾ ತಟ್ಟನೆ ಎದ್ದು ಟೀ ಪಾತ್ರೆಯ ಕಡೆ ಹೊರಟಳು.

"ದೀದಿ, ಕೂತ್ಕೋ," ಎಂದಳು ಹೇತಲ್. "ಕೊಡೋರು ಇದ್ದಾರೆ."

ವಿಂಧ್ಯಾ ಕೂತಳು. ಕೋಣೆ ಉಳಿಯಿತು. ಈಗ ಅದನ್ನು ಹೇತಲ್ ಮತ್ತು ಅವಳ ಜೊತೆಯವರು ನಡೆಸುತ್ತಾರೆ. ವಿಂಧ್ಯಾ ವಡೋದರಾದ ಮಕರಪುರದಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಯುವ ಕಾರ್ಯಕರ್ತರಿಗೆ ತರಬೇತಿ ಕೊಡುತ್ತಾಳೆ.