ಕೆನ್ನೆ ಒರಗಿದ ಜಾಗ

ಐವತ್ತೆಂಟನೆಯ ವಯಸ್ಸಿನಲ್ಲಿ ಪಾಲಿಶಣ್ಣನಿಗೆ ಒಂದು ಬಂದೂಕಿನ ಮೇಲೆ ಮನಸ್ಸಾಯಿತು. ಜೀವಮಾನದಲ್ಲಿ ಒಂದು ಗುಂಡು ಹಾರಿಸಿದವನಲ್ಲ. ಬೋನಿಗೆ ಬಿದ್ದ ಇಲಿಯನ್ನು ಎರಡು ಬೀದಿ ದಾಟಿಸಿ ಬಿಟ್ಟು ಬರುವ ಆಸಾಮಿ. ಆದರೆ ಮರವೆಂದರೆ ಅವನಿಗೆ ಪ್ರಾಣ. ಮೂವತ್ತಾರು ವರ್ಷ ಬೇರೆಯವರ ಮೇಜು, ಬೇರೆಯವರ ಬಾಗಿಲು, ಬೇರೆಯವರ ತೊಟ್ಟಿಲುಗಳನ್ನು ಉಜ್ಜಿ, ಮುಖ ಕಾಣುವಷ್ಟು ಹೊಳಪು ತರಿಸಿ ಕಳಿಸಿಕೊಟ್ಟಿದ್ದ. ಅವನ ಮನೆಯ ಊಟದ ಮೇಜಿಗೆ ಮಾತ್ರ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಳೆ ಹೊದಿಸಿತ್ತು. ಅದರ ಕೆಳಗಿನ ಮರ ಯಾವುದೆಂದು ಅವನಿಗೇ ಮರೆತುಹೋಗಿತ್ತು.

ಬಂದೂಕಂಗಡಿಯ ಯಜಮಾನರು ಬೀರುಗಳಿಗೆ ಪಾಲಿಶ್ ಮಾಡಿಸಲು ಕರೆಸಿದಾಗ ಅದು ಕಣ್ಣಿಗೆ ಬಿತ್ತು. ಹಳೆಯ ಕಾಲದ ಬೇಟೆ ರೈಫಲ್. ಪ್ರತಿ ಗುಂಡಿಗೂ ಕೈಯಿಂದಲೇ ಬೋಲ್ಟ್ ಎತ್ತಿ, ಹಿಂದಕ್ಕೆಳೆದು, ಮುಂದೆ ತಳ್ಳಿ ಕೂರಿಸಬೇಕಾದ ಬಗೆಯದು. ನಳಿಗೆಯ ಕೆಳಗಿನಿಂದ ಭುಜಕ್ಕೆ ಒರಗುವ ತುದಿಯವರೆಗೂ ಅಕ್ರೋಟು ಮರ. ಮರದೊಳಗೆ ನಿಂತುಹೋದ ಹೊಗೆಯಂಥ ಕಪ್ಪು ಗೆರೆಗಳು. ಯಜಮಾನರು ಬೋಲ್ಟನ್ನು ಎಳೆದು ಕೂರಿಸಿ ತೋರಿಸಿದರು. ನುರಿತ ಬಡಗಿ ಮಾಡಿದ ಮೇಜಿನ ಖಾನೆ ಮೆತ್ತಗೆ ಒಳಸರಿದು ನಿಂತಂಥ ಸದ್ದು. ಆ ಸದ್ದು ಪಾಲಿಶಣ್ಣನ ಜೊತೆಯಲ್ಲೇ ಮನೆಗೆ ಬಂತು.

ಲೈಸೆನ್ಸಿಗೆ ಅರ್ಜಿ ಹಾಕಿದ. 'ಕಾರಣ' ಎಂದಿದ್ದಲ್ಲಿ ಏನು ಬರೆಯಬೇಕೆಂದು ತೋಚದೆ ಕೂತಾಗ ಗುಮಾಸ್ತನೇ 'ಆತ್ಮರಕ್ಷಣೆ' ಎಂದು ತುಂಬಿಕೊಂಡ.

"ಯಾರಿಂದ, ನನ್ನಿಂದಾನಾ?" ಎಂದಳು ಹೆಂಡತಿ.

ಎಂಟು ತಿಂಗಳ ಅಲೆದಾಟದ ಮೇಲೆ ಲೈಸೆನ್ಸ್ ಕೈಸೇರಿತು. ತಿಂಗಳೊಳಗೆ ಬಂದೂಕು ಕೊಳ್ಳದಿದ್ದರೆ ಅದು ರದ್ದಾಗುತ್ತಿತ್ತು. ಅಷ್ಟರಲ್ಲಿ ರೈಫಲ್ಲಿನ ಹಿಡಿಯ ತೆಳ್ಳಗಿನ ಭಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಂಡಿತ್ತು. ಯಜಮಾನರು ಎರಡು ತಿರುಪು ಬಿಚ್ಚಿ ಮರವನ್ನು ಬೇರ್ಪಡಿಸಿ ಅವನ ಕೈಗಿಟ್ಟರು.

"ಕಬ್ಬಿಣ ನನ್ನ ಹತ್ರ ಇರ್ಲಿ, ಮರ ತಗೊಂಡೋಗು. ಬಿರುಕು ಕೂಡಿಸು, ಅಷ್ಟೇ. ಬೇರೆ ಎಲ್ಲೂ ಕೈ ಹಚ್ಬೇಡ ಮಾರಾಯ. ಹಳೇ ಎಣ್ಣೆ ಹೊಳಪು ಹೋಯ್ತು ಅಂದ್ರೆ ಇದು ಬರೀ ಸೌದೆ."

"ಗೊತ್ತು ಯಜಮಾನ್ರೇ."

"ಮತ್ತೆ, ಶನಿವಾರ ಹೂಂ ಅಥವಾ ಉಹೂಂ ಹೇಳ್ಬಿಡು. ಬೆಟ್ಟದ ಕಡೆಯ ಒಬ್ಬಾಕೆ ಕೇಳ್ತಿದ್ದಾಳೆ. ಆದ್ರೆ ಮೊದಲ ಮಾತು ನಿಂದು."

ಬರೀ ಮರವನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಮಲಗಿದ ಮಗುವನ್ನು ಒಯ್ಯುವಂತೆ ಮನೆಗೆ ತಂದ. ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ತಗೊಂಡು ಏನ್ ಹೊಡೀತೀರಿ? ಜಿರಲೆ ಕಂಡ್ರೆ ನನ್ನನ್ನ ಕೂಗ್ತೀರಿ."

"ಹೊಡಿಯೋಕಲ್ಲ ಕಣೇ. ಹೊಳೆಯೋದು ಒಂದಾದ್ರೂ ನಂದು ಅಂತ ಇರ್ಲಿ."

"ಹಂಗಾದ್ರೆ ನಾನು?"

"ನಿಂಗೆ ಪಾಲಿಶ್ ಬೇಕಾಗಿಲ್ವಲ್ಲ."

ಅವಳು ಸೆರಗಿನಲ್ಲಿ ನಗು ಒರೆಸಿಕೊಂಡಳು. "ಮೂವತ್ತು ವರ್ಷಕ್ಕೆ ಒಂದು ಒಳ್ಳೆ ಮಾತು ಬಂತು ನೋಡಿ, ಅದೂ ಬಂದೂಕಿನ ದೆಸೆಯಿಂದ. ತಗೊಳ್ಳಿ ಹೋಗಿ."

ಹಾಗೆ ಅವಳ ಕಡೆಯಿಂದ ತಡೆಯೇನೂ ಉಳಿಯಲಿಲ್ಲ.

ಬಿಸಿ ಮಾಡಿದ ಅಂಟನ್ನು ಬಿರುಕಿನೊಳಕ್ಕೆ ಇಳಿಸಿ, ನೂಲು ಬಿಗಿದು, ಎರಡು ದಿನ ಒಣಗಲು ಬಿಟ್ಟ. ಆ ಎರಡೂ ಮಧ್ಯಾಹ್ನ ಊಟವಾದ ಮೇಲೆ ಕೆಲಸದ ಹಲಗೆಗೆ ತಲೆಯಾನಿಸಿ ಕಣ್ಣು ಮುಚ್ಚಿದರೆ ಅದೇ ಕನಸು. ಮಂಜು ತುಂಬಿದ ಹುಲ್ಲಿನ ಇಳಿಜಾರು. ಅವನು ರೈಫಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ. ಮಂಜು ಒಂದು ಕಡೆ ದಟ್ಟವಾಗಿ, ದಟ್ಟವಾದದ್ದಕ್ಕೆ ಕಾಲು ಮೂಡಿ, ಕಿವಿ ಮೂಡಿ, ಜಿಂಕೆಯಾಗುತ್ತದೆ. ಅದರ ಪಕ್ಕೆಯ ಮೇಲೆ ಅಕ್ರೋಟಿನ ಗೆರೆಗಳು. ಅವನು ಬೋಲ್ಟ್ ಎಳೆದು ಕೂರಿಸುತ್ತಾನೆ. ಸದ್ದು ಇಳಿಜಾರಿನುದ್ದಕ್ಕೂ ಹೋಗಿ, ಏನನ್ನೋ ಕೇಳಿಕೊಂಡು ಹಿಂದಿರುಗಿದಂತೆ ಬರುತ್ತದೆ. ಜಿಂಕೆ ಓಡುವುದಿಲ್ಲ. ಎಚ್ಚರವಾದಾಗ ಮೂಗಿನಲ್ಲಿ ಅಗಸೆ ಎಣ್ಣೆಯ ವಾಸನೆ, ಬೀದಿಯಲ್ಲಿ ಸೈಕಲ್ಲಿನ ಗಂಟೆ.

ಮೂರನೆಯ ದಿನ ನೂಲು ಬಿಚ್ಚಿದ. ಬಿರುಕು ಎಲ್ಲಿತ್ತೆಂದು ಅವನೇ ಹುಡುಕಬೇಕಾಯಿತು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮರದ ಎಡಮಗ್ಗುಲಲ್ಲಿ, ಗುರಿಯಿಡುವವನು ಕೆನ್ನೆ ಒರಗಿಸುವ ಕಡೆ, ಅಂಗೈಯಗಲದ ಒಂದು ಜಾಗವಿತ್ತು. ಉಳಿದ ಮರಕ್ಕಿಂತ ಕಪ್ಪು, ನಿಂತ ನೀರಿನಂಥ ಹೊಳಪು. ಹಳೆಯದನ್ನು ಕೀಳದೆ ಹೊಸದು ಕೂರುವುದಿಲ್ಲವೆಂಬುದು ಅವನ ಕಸುಬಿನ ಮೊದಲ ಪಾಠ. ಕುರ್ಚಿಯ ತೋಳಿನ ಮೇಲೆ ಯಾರದೋ ತಾತನ ಕೈ ಮೂಡಿಸಿದ ಇಂಥ ಕಲೆಗಳನ್ನು ಸಾವಿರ ಸಲ ತೆಗೆದಿದ್ದ. ಮನಸ್ಸು ಇನ್ನೂ ಇಳಿಜಾರಿನಲ್ಲೇ ಇದ್ದಾಗ ಕೈ ತನ್ನ ಪಾಡಿಗೆ ಮರ ಉಜ್ಜುವ ಉಪ್ಪುಕಾಗದವನ್ನು ನಾಲ್ಕಾಗಿ ಮಡಚಿತು, ಆ ಜಾಗದ ಅಂಚಿಗೆ ಇಟ್ಟಿತು, ಒಂದೇ ಒಂದು ಸಲ ಎಳೆಯಿತು.

ಉಗುರಿನಷ್ಟು ಜಾಗ ಬಿಳಿಚಿಕೊಂಡಿತು.

ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಎಣ್ಣೆ ತಿಕ್ಕಿದ. ಮೇಣ ತಿಕ್ಕಿದ. ಬಟ್ಟೆಯುಂಡೆಯನ್ನು ಅರಗಿನ ಪಾಲಿಶಿನಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಸವರಿದ. ಹೊಳಪೇನೋ ಬಂತು, ಆದರೆ ಅದು ಹೊಸ ಮೇಜಿನ ಹೊಳಪು. ಪಕ್ಕದಲ್ಲಿದ್ದ ಹೊಳಪನ್ನು ಮಾಡಿದ್ದು ಪಾಲಿಶಿನವನಲ್ಲ. ಹೆಸರೂ ಗೊತ್ತಿಲ್ಲದ ಯಾವನೋ ಒಬ್ಬ ನಲವತ್ತು ವರ್ಷ ಚಳಿಯಲ್ಲಿ, ಬೆವರಿನಲ್ಲಿ, ಕ್ಷೌರ ಮಾಡದ ಕೆನ್ನೆಯಲ್ಲಿ, ಬೇರೇನನ್ನೋ ನೋಡುತ್ತಾ, ಹೊಳೆಯಿಸುತ್ತಿದ್ದೇನೆಂಬ ಅರಿವೇ ಇಲ್ಲದೆ ಮಾಡಿದ್ದು. ಪಾಲಿಶಣ್ಣ ತನ್ನ ಕೆನ್ನೆಯನ್ನು ಅಲ್ಲಿಟ್ಟು ನೋಡಿದ. ಮರ ತಣ್ಣಗಿತ್ತು.

ಶನಿವಾರ ಅಂಗಡಿಗೆ ಹೋದವನೇ ಮೊದಲು ಆ ಉಗುರಗಲದ ಜಾಗ ತೋರಿಸಿದ.

ಯಜಮಾನರು ಕನ್ನಡಕ ಏರಿಸಿ, ಇಳಿಸಿ ನೋಡಿದರು. "ನಂಗೇನೂ ಕಾಣ್ಸಲ್ಲಪ್ಪ."

"ನಂಗೆ ಕಾಣತ್ತೆ. ಹಾಳು ಮಾಡಿದೋನು ನಾನು, ತಗೊಳ್ಳಬೇಕಾದೋನೂ ನಾನೇ."

"ತಗೊಳ್ಳೋಕೇ ಬಂದಿದ್ದೀಯಲ್ಲ, ಮತ್ಯಾಕೆ ಮುಖ ಹಿಂಗಿದೆ?"

ಯಜಮಾನರು ಕಬ್ಬಿಣಕ್ಕೆ ಮರ ಕೂರಿಸಿ ತಿರುಪು ಬಿಗಿಯುವಷ್ಟರಲ್ಲಿ ಬೆಟ್ಟದಾಕೆ ಬಂದಳು. ಐವತ್ತರ ಆಸುಪಾಸು, ಮೊಣಕಾಲಿನವರೆಗೆ ಕೆಸರಿನ ಬೂಟು. ಹೊಲಕ್ಕೆ ನುಗ್ಗುವ ಹಂದಿ ಹೊಡೆಯಲು ಆಕೆಗೆ ಅನುಮತಿಯಿತ್ತು. ಮಾರಾಟ ಇನ್ನೂ ಆಗಿಲ್ಲವೆಂದು ತಿಳಿದು, "ಒಂದ್ಸಲ ಹಿಡೀಲಾ?" ಎಂದು ಪಾಲಿಶಣ್ಣನನ್ನೇ ಕೇಳಿದಳು. ಅವನು ತಲೆಯಾಡಿಸಿದ.

ಬೋಲ್ಟ್ ತೆರೆದು ಒಳಗೆ ಖಾಲಿಯೆಂದು ನೋಡಿ, ಖಾಲಿ ಗೋಡೆಯತ್ತ ರೈಫಲ್ ಎತ್ತಿದಳು. ಕೆನ್ನೆ ಹುಡುಕಾಡದೆ, ತನ್ನ ದಿಂಬಿಗೆ ತಲೆಯಿಡುವಂತೆ ನೇರವಾಗಿ ಆ ಜಾಗಕ್ಕೇ ಹೋಗಿ ಕೂತಿತು. ಅಂಗಡಿಯಲ್ಲಿ ಒಂದು ಕ್ಷಣ ಯಾರೂ ಇಲ್ಲದಂತಾಯಿತು. ಅವಳ ಕಣ್ಣು ಗೋಡೆಯಾಚೆ ಎಲ್ಲೋ ದೂರದಲ್ಲಿತ್ತು. ಪಾಲಿಶಣ್ಣನಿಗೆ ಆ ದೂರ ಚೆನ್ನಾಗಿ ಗೊತ್ತಿತ್ತು, ಆದರೆ ಅಲ್ಲಿಗೆ ಅವನು ಎಂದೂ ಎಚ್ಚರವಿದ್ದಾಗ ಹೋಗಿರಲಿಲ್ಲ.

"ಇಲ್ಲಿ ಸ್ವಲ್ಪ ತರಿತರಿ ಇದೆ," ಎಂದಳು ಕೆನ್ನೆ ತೆಗೆಯದೆ.

"ನನ್ನ ತಪ್ಪು. ಏನ್ ಮಾಡಿದ್ರೂ ಸರಿಹೋಗ್ಲಿಲ್ಲ."

"ಅದೇನ್ ಬಿಡಿ, ನಾಲ್ಕು ಚಳಿಗಾಲ ಹೋದ್ರೆ ತಾನೇ ಸರಿಹೋಗತ್ತೆ."

ಪಾಲಿಶಣ್ಣ ಲೈಸೆನ್ಸಿದ್ದ ಜೇಬನ್ನು ಒಮ್ಮೆ ಮುಟ್ಟಿಕೊಂಡ. ಅವನ ಮನೆಯಲ್ಲಿ ರೈಫಲ್ ಬೀಗ ಹಾಕಿದ ಕಪಾಟಿನಲ್ಲಿ ಮಲಗಿರುತ್ತದೆ. ಅಲ್ಲಿ ನಾಲ್ಕಲ್ಲ, ನಲವತ್ತು ಚಳಿಗಾಲ ಹೋದರೂ ಉಗುರಗಲದ ಜಾಗ ಹಾಗೇ ಇರುತ್ತದೆ; ಉಳಿದ ಹೊಳಪೂ ದಿನಕ್ಕಿಷ್ಟಿಷ್ಟು ಆರುತ್ತದೆ.

"ಯಜಮಾನ್ರೇ, ನಂದು ಉಹೂಂ," ಎಂದ. ದನಿ ಅಂದುಕೊಂಡದ್ದಕ್ಕಿಂತ ಸಣ್ಣದಾಗಿ ಬಂತು.

ಬೆಟ್ಟದಾಕೆ ರೈಫಲ್ ಕೆಳಗಿಳಿಸಿ ಅವನ ಮುಖ ನೋಡಿದಳು.

"ವರ್ಷಕ್ಕೆ ಎರಡು ಸಲ ಅಗಸೆ ಎಣ್ಣೆ, ನಾಲ್ಕೇ ಹನಿ," ಎಂದ ಪಾಲಿಶಣ್ಣ. "ಬರೀ ಅಂಗೈಯಲ್ಲಿ ತಿಕ್ಕಿ. ಒಂದು ಮಾತು ನೆನಪಿಟ್ಕೊಳ್ಳಿ ತಾಯಿ, ಯಾವ ಕಾಲಕ್ಕೂ ಪಾಲಿಶ್ ಮಾಡೋರ ಕೈಗೆ ಇದನ್ನ ಕೊಡ್ಬೇಡಿ."

"ಆಗ್ಲಿ," ಎಂದಳು ಆಕೆ. "ಅಂದ್ಹಾಗೆ ನೀವು ಏನ್ ಕೆಲಸ ಮಾಡೋದು?"