ಪರಿವಿಡಿಯ ಕೆಳಗಿನ ಮೂಲೆ

ಧನುಶ್ರೀಗೆ ಆದಿನಾರಾಯಣಪ್ಪನವರ ಮೇಲೆ ಹಗೆ ಇತ್ತು. ಇತ್ತು ಎಂದೇಕೆ ಹೇಳಲಿ, ಈಗಲೂ ಇದೆ, ಇರಲಿ ಎಂದೇ ನನ್ನ ಆಸೆ. ದೊಡ್ಡಬಳ್ಳಾಪುರದಿಂದ ನಾನು ಹೊರಡಿಸುವ ‘ಸ್ವರಸಂತೆ’ ಎಂಬ ಸಂಗೀತ ಮಾಸಪತ್ರಿಕೆಯ ಪುಟಗಳನ್ನು ವಿನ್ಯಾಸ ಮಾಡುವವಳು ಅವಳು. ಆದಿನಾರಾಯಣಪ್ಪ ಊರಲ್ಲಿ ಹಾಡಿನ ಶಾಲೆ ನಡೆಸುವ, ಹೋದಲ್ಲೆಲ್ಲ ಶಾಲು ಹೊದಿಸಿಕೊಳ್ಳುವ ದೊಡ್ಡ ಮನುಷ್ಯರು.

ಹಗೆಗೆ ಕಾರಣ ಒಂದು ಹಾಡು. ಧನುಶ್ರೀಯ ತಾಯಿ ಮುತ್ತಮ್ಮ ದೊಡ್ಡಬೆಳವಂಗಲದಲ್ಲಿ ಮದುವೆಗಳಿಗೆ ಸೋಬಾನೆ ಹಾಡುವವರು. ತಮ್ಮ ತಂಗಿಯ ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿಗೆಂದು ತಾವೇ ಒಂದು ಹಾಡು ಕಟ್ಟಿದ್ದರು. ಆದಿನಾರಾಯಣಪ್ಪ ಅವರ ಮನೆಗೆ ಬಂದು, ಕಾಫಿ ಕುಡಿದು, ಅದನ್ನು ಹಾಡಿಸಿ ಮೊಬೈಲಿಗೆ ತುಂಬಿಕೊಂಡು ಹೋದರು. ಮುಂದಿನ ಲಗ್ನದ ಕಾಲಕ್ಕೆ ಅದು ಎಲ್ಲರ ಮೊಬೈಲಿನಲ್ಲೂ ಬಂತು. ಸಾಹಿತ್ಯ, ಸಂಗೀತ, ಗಾಯನ ಮೂರಕ್ಕೂ ಅವರದೇ ಹೆಸರು. ನಾಚಿಕೆ ಎಂಬುದನ್ನು ಕಾಫಿ ಲೋಟದ ಜೊತೆಗೇ ಅಲ್ಲಿ ಇಟ್ಟು ಬಂದಿದ್ದರೇನೋ.

ಒಂದು ಮದುವೆಯಲ್ಲಿ ಮುತ್ತಮ್ಮ ಅದೇ ಹಾಡು ಎತ್ತಿಕೊಂಡಾಗ ಗಂಡಿನ ಕಡೆಯ ಹೆಂಗಸೊಬ್ಬರು ಮೆಚ್ಚಿಕೊಂಡು, “ಆದಿನಾರಾಯಣಪ್ಪೋರ ಹಾಡು ಚೆನ್ನಾಗಿ ಕಲ್ತ್ಬಿಟ್ಟಿದ್ದೀರ ಕಣಮ್ಮ” ಎಂದರು. ಮುತ್ತಮ್ಮ ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ಯಾವ ಮದುವೆಯಲ್ಲೂ ಬಾಯಿ ತೆರೆಯಲಿಲ್ಲ. ಅಮ್ಮ ಮತ್ತೆ ಹಾಡಬೇಕು, ಹಾಡು ಅವಳದೇ ಎಂದು ಜನ ಹೇಳಬೇಕು, ಜೊತೆಗೆ ಆದಿನಾರಾಯಣಪ್ಪನವರ ಹೊಟ್ಟೆ ಉರಿಯಬೇಕು. ಧನುಶ್ರೀಗೆ ಬೇಕಾಗಿದ್ದು ಇಷ್ಟೇ.

ನಮ್ಮ ಪತ್ರಿಕೆಯಲ್ಲಿ ಆದಿನಾರಾಯಣಪ್ಪನವರ ಅಂಕಣವೂ ಬರುತ್ತಿತ್ತು. ಅದನ್ನು ನಿಲ್ಲಿಸಿ ಎಂದು ಅವಳು ಕೇಳಲಿಲ್ಲ. ಹಿಂಬದಿಯ ಪುಟದ ಜಾಹೀರಾತು ಅವರ ಶಾಲೆಯದಾದ್ದರಿಂದ ಆ ಧೈರ್ಯ ನನಗೂ ಇರಲಿಲ್ಲ. ಪರಿವಿಡಿಯ ಪುಟವೊಂದನ್ನು ತನ್ನ ಇಷ್ಟಕ್ಕೆ ಬಿಡಿ ಎಂದಷ್ಟೇ ಹೇಳಿದಳು. ಜನ ಪರಿವಿಡಿಯನ್ನು ಮೊದಲು ಓದುವುದಿಲ್ಲ, ನೋಡುತ್ತಾರೆ, ಕಣ್ಣು ಎಲ್ಲಿ ನಿಂತಿತೋ ಆ ಪುಟಕ್ಕೆ ಹೋಗುತ್ತಾರೆ ಎಂಬುದು ಅವಳ ಲೆಕ್ಕ. ಪ್ರತಿ ತಿಂಗಳೂ ಅಮ್ಮನ ಒಂದೊಂದು ಹಾಡನ್ನು ಬರೆದು ತಂದಳು. ಪರಿವಿಡಿಯ ನೆತ್ತಿಯ ಮೇಲೆ ಅಮ್ಮನ ಫೋಟೊ, ಕೆಂಪು ಬಣ್ಣದ ದಪ್ಪ ಪುಟಸಂಖ್ಯೆ, ಸುತ್ತಲೂ ಧಾರಾಳವಾಗಿ ಖಾಲಿ ಜಾಗ. ಆದಿನಾರಾಯಣಪ್ಪ ಕೆಳಗೆ ಬಲಮೂಲೆಯಲ್ಲಿ, ಪುಸ್ತಕ ಹಿಡಿದವನ ಹೆಬ್ಬೆರಳು ಕೂರುವ ಜಾಗದಲ್ಲಿ. ಪ್ರತಿ ಸಂಚಿಕೆ ಮುಗಿದಾಗಲೂ ಆ ಮೂಲೆಯನ್ನು ಹೆಬ್ಬೆರಳಿಂದ ಒತ್ತಿ ನೋಡುತ್ತಿದ್ದಳು. ಹೆಸರು ಪೂರ್ತಿ ಮುಚ್ಚಿಹೋದರೆ ಅವಳಿಗೆ ಸಮಾಧಾನ.

ಒಂದು ದಿನ ಆದಿನಾರಾಯಣಪ್ಪ ಮೈಸೂರುಪಾಕಿನ ಡಬ್ಬಿ ಹಿಡಿದು ನಮ್ಮ ಕಚೇರಿಗೆ ಬಂದರು. ಪತ್ರಿಕೆಯಲ್ಲಿ ಹೆಸರು ನೋಡಿ ಬಂದೆವು ಎನ್ನುವ ಮಕ್ಕಳಿಂದಲೇ ಶಾಲೆ ತುಂಬಿದೆಯಂತೆ. ಧನುಶ್ರೀಯ ಮುಖ ಸುಟ್ಟ ಬದನೆಕಾಯಿ ಆಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ. “ಅದ್ಸರಿ ಕಣಮ್ಮ, ನನ್ನನ್ಯಾಕೆ ಯಾವಾಗ್ಲೂ ತಳದಲ್ಲಿ ಕೂರಿಸ್ತೀಯ? ಆ ಸೋಬಾನೆ ಹೆಂಗಸನ್ನ ಮೇಲೆ ಹಾಕಿ, ನನ್ನ ಕೆಳಗೆ ಹಾಕೋದಾ?” ಆ ಹೆಂಗಸು ಇವಳ ತಾಯಿ ಎಂಬುದು ಕೂಡ ಅವರಿಗೆ ನೆನಪಿರಲಿಲ್ಲ. ಧನುಶ್ರೀ ನೋಡೋಣ ಎಂದಳು. ಮೈಸೂರುಪಾಕನ್ನು ಮುಟ್ಟಲಿಲ್ಲ.

ಮರುದಿನ ಅವಳ ಸ್ಕೂಟರ್ ಕೆಟ್ಟಿತ್ತು. ಊರಿಗೆ ಹೋಗಲು ಬಸ್ ನಿಲ್ದಾಣಕ್ಕೆ ಬಂದವಳು ನಜೀಬುಲ್ಲಾ ಸಾಬರ ಅಂಗಡಿಯ ಮುಂದೆ ನಿಂತುಬಿಟ್ಟಳು. ನಮ್ಮ ಪತ್ರಿಕೆ ಹೆಚ್ಚು ಖರ್ಚಾಗುವುದು ಅಲ್ಲಿಯೇ. ಮುಖಪುಟದ ತುಂಬ ಸೀರೆ ಅಂಗಡಿಯ ಜಾಹೀರಾತು ಇರುತ್ತದೆಂದು ಸಾಬರು ಅದನ್ನು ಹಿಂದಕ್ಕೆ ಮಡಚಿ, ಪರಿವಿಡಿ ಕಾಣುವಂತೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತಾರೆ. ಆ ಹಗ್ಗದ ಮುಂದೆ ಚಿಪ್ಸ್ ಪೊಟ್ಟಣಗಳ ಸರ. ಪುಟದ ಮೇಲರ್ಧ ಪೊಟ್ಟಣಗಳ ಹಿಂದೆ ಮರೆಯಾಗಿತ್ತು. ಕೆಳಗಿನ ಅರ್ಧ ಮಾತ್ರ ಬಸ್ಸಿಗೆ ಕಾಯುವವರ ಕಣ್ಣಿಗೆ ನೇರವಾಗಿ ತೂಗುತ್ತಿತ್ತು. ವರ್ಷವಿಡೀ ತನ್ನ ಕೈಯಾರೆ ಅಮ್ಮನನ್ನು ಮುಚ್ಚಿಟ್ಟು, ಅಮ್ಮನ ಹಾಡು ಕದ್ದವರನ್ನು ಮೆರೆಸಿದ್ದಳು. ಆ ಸಂಜೆ ಫೋನಿನಲ್ಲಿ ಅದನ್ನು ಹೇಳುವಾಗ ಅವಳು ಅತ್ತಳು. ಅತ್ತು ಮುಗಿದ ಮೇಲೆ ನಕ್ಕಳು. ಆ ನಗು ಕೇಳಿ ನನಗೇ ಸ್ವಲ್ಪ ಭಯವಾಯಿತು.

ಅವಳೇ ಆದಿನಾರಾಯಣಪ್ಪನವರಿಗೆ ಫೋನ್ ಮಾಡಿ, “ಇನ್ಮೇಲೆ ನಿಮ್ಮನ್ನ ಎಲ್ಲರಿಗಿಂತ ಮೇಲೇ ಹಾಕ್ತೀನಿ ಸಾರ್” ಎಂದು ಮಾತು ಕೊಟ್ಟಳು. ಕೊಟ್ಟ ಮಾತಿನಂತೆ ನೆತ್ತಿಯ ಮೇಲೆ ಶಾಲು ಹೊದ್ದ ಅವರ ಫೋಟೊ ಇಟ್ಟಳು, ಹೆಸರಿಗೆ ಚಿನ್ನದ ಬಣ್ಣ ಬಳಿದಳು. ಅಚ್ಚಿಗೆ ಹೋಗುವ ಮುನ್ನ ಪುಟ ತೋರಿಸಿದಾಗ ಅವರು ಕೈಮುಗಿದರು. ಕೆಳಗೆ ಏನಿದೆ ಎಂದು ನೋಡುವ ವ್ಯವಧಾನ ಅವರಿಗೆಲ್ಲಿಯದು? ಕೆಳಗಿನ ಅರ್ಧದಲ್ಲಿ ಮುತ್ತಮ್ಮ ಇದ್ದರು. ಪಕ್ಕದಲ್ಲಿ ಎಲ್ಲರ ಮೊಬೈಲಿನಲ್ಲೂ ಇರುವ ಹಾಡಿನ ಮೊದಲ ಸಾಲು, ಅದರಡಿ ಒಂದೇ ಪ್ರಶ್ನೆ: ಈ ಹಾಡು ಕಟ್ಟಿದವರು ಯಾರು? ಒಳಗಿನ ಪುಟದಲ್ಲಿ ಮುತ್ತಮ್ಮನ ತಂಗಿಯ ಮದುವೆಯ ಹಳೆಯ ವಿಡಿಯೋದ ಚಿತ್ರ, ಹಾಡುತ್ತಿರುವ ಮುತ್ತಮ್ಮ, ಅಂಚಿನಲ್ಲಿ ತಾರೀಖು. ಜಾಹೀರಾತು ಹೋದರೆ ಹೋಗಲಿ ಎಂದು ನಾನೂ ಸಹಿ ಹಾಕಿದೆ.

ಆ ಸಂಚಿಕೆ ಸಂತೆ ದಿನದ ಸೊಪ್ಪಿನಂತೆ ಖಾಲಿಯಾಯಿತು. ದೊಡ್ಡಬೆಳವಂಗಲದ ಒಂದು ಮದುವೆಯವರು ಮುತ್ತಮ್ಮನ ಮನೆ ಬಾಗಿಲಿಗೆ ಬಂದು, ನಿಮ್ಮ ಹಾಡನ್ನು ನೀವೇ ಹೇಳಬೇಕು ಎಂದು ಕರೆದರು. ಮುತ್ತಮ್ಮ ಹೋಗಿ ಪೂರ್ತಿ ಹಾಡಿದರು.

ಆದಿನಾರಾಯಣಪ್ಪ ಸಾಬರ ಅಂಗಡಿಗೆ ಹೋಗಿ ನನ್ನ ಹೆಸರೆಲ್ಲಿ ಎಂದು ಗದರಿದರಂತೆ. ಸಾಬರು ಪೊಟ್ಟಣಗಳ ಸರ ಸರಿಸಿ ತೋರಿಸಿದರಂತೆ. ಅಲ್ಲಿಂದಲೇ ಅವರು ಧನುಶ್ರೀಗೆ ಫೋನ್ ಮಾಡಿದರು. ಮೊದಲು ರೇಗಿದರು, ಆಮೇಲೆ ದನಿ ಇಳಿಸಿ, ಹಿಂದಿನಂತೆ ಕೆಳಗಿನ ಮೂಲೆಯಲ್ಲೇ ಹಾಕಿದರೂ ಸಾಕು ಎಂದರು.

“ಆಗಲ್ಲ ಸಾರ್. ಆ ಜಾಗ ನಮ್ಮಮ್ಮಂದು” ಎಂದಳು ಧನುಶ್ರೀ.